ಅಮೆರಿಕ ದೇಶದಲ್ಲಿ ಪೌರುಷದ ವಿಕ್ರಯ

ಗಂಡಸರ ಪೌರುಷಕ್ಕೆ ಕುಂದು ಬಂದಿದೆಯೆಂದೂ, ಕಳೆದುಹೋದ ಆ ವಸ್ತುವನ್ನು ಮರಳಿ ಪಡೆಯುವ ಉಪಾಯವು ತಮಗೆ ಗೊತ್ತಿದೆಯೆಂದೂ ಸಾರುವ ಬೋಧಕರು ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹೇರಳವಾಗಿ ಕಾಣಿಸಿಕೊಂಡಿದ್ದಾರೆ. ಇವರಿಗೆ ಮಠವಿಲ್ಲ, ವಿದ್ಯಾಲಯವಿಲ್ಲ, ಸರಕಾರದ ಅಧಿಕಾರವೂ ಇಲ್ಲ. ಒಂದು ಕ್ಯಾಮೆರಾ, ಒಂದು ಮೈಕು, ಫೋನನ್ನು ಹಿಡಿದು ಒಂಟಿಯಾಗಿ ಕುಳಿತ ತರುಣರ ಸಮೂಹ, ಇಷ್ಟೇ ಇವರ ಬಂಡವಾಳ. ಇಂಥವರನ್ನು ಅಲ್ಲಿಯ ಜನರು ಇನ್‌ಫ್ಲುಯೆನ್ಸರ್ ಎಂದು ಕರೆಯುತ್ತಾರೆ. ಇತರರ ಮನಸ್ಸಿನ ಮೇಲೆ ಪ್ರಭಾವ ಬೀರುವುದನ್ನೇ ಕಸುಬು ಮಾಡಿಕೊಂಡವರೆಂದು ಅದರ ತಾತ್ಪರ್ಯ. ೨೦೨೪ನೆಯ ನವೆಂಬರಿನಲ್ಲಿ ಡೊನಾಲ್ಡ್ ಟ್ರಂಪ್ ಅವರು ಎರಡನೆಯ ಸಲ ರಾಷ್ಟ್ರಾಧ್ಯಕ್ಷರಾಗಿ ಚುನಾಯಿತರಾದ ರಾತ್ರಿ, ವಿಜಯೋತ್ಸವದ ವೇದಿಕೆಯ ಮೇಲೆ ನಿಂತು, ಮಲ್ಲಸ್ಪರ್ಧೆಗಳನ್ನು ನಡೆಸುವ ಯು.ಎಫ್.ಸಿ. ಸಂಸ್ಥೆಯ ಮುಖ್ಯಸ್ಥರಾದ ಡೇನಾ ವೈಟ್ ಎಂಬವರು ತರುಣರ ಮೆಚ್ಚಿನ ಪಾಡ್‌ಕಾಸ್ಟ್ ಮತ್ತು ವಿಡಿಯೋಗಳ ನಿರ್ವಾಹಕರನ್ನು ಒಬ್ಬೊಬ್ಬರನ್ನಾಗಿ ಹೆಸರೆತ್ತಿ ವಂದಿಸಿದರು. ರಾಜ್ಯಪ್ರಾಪ್ತಿಯಾದಾಗ ಸೇನಾಪತಿಗಳಿಗೆ ಸಲ್ಲುತ್ತಿದ್ದ ವಂದನೆಯು ಈಗ ಇವರಿಗೆ ಸಂದಿತು.

ಇದನ್ನು ನಮ್ಮ ಕಾಲದ ಒಂದು ಅಪೂರ್ವ ಸಂಗತಿಯೆಂದು ಪತ್ರಿಕೆಗಳು ವರ್ಣಿಸುತ್ತವೆ. ಅಮೆರಿಕದ ಚರಿತ್ರೆಯನ್ನು ಸ್ವಲ್ಪ ಸಾವಧಾನದಿಂದ ನೋಡಿದರೆ ಉಪಕರಣ ಮಾತ್ರ ಹೊಸದು, ಸರಕು ಬಹಳ ಹಳೆಯದು ಎಂಬುದು ತಿಳಿಯುವುದು. ಆ ದೇಶದ ಗಂಡುಮಕ್ಕಳ ಜೀವನಾಧಾರವು ಅಲುಗಾಡಿದಾಗಲೆಲ್ಲ ಪೌರುಷವನ್ನು ಮಾರುವವರು ಪೇಟೆಗೆ ಬಂದಿದ್ದಾರೆ. ರಾಜಕಾರಣಿಗಳು ಅವರ ಹಿಂದೆಯೋ ಮುಂದೆಯೋ ನಡೆದಿದ್ದಾರೆ. ಹಾಗೆಯೇ, ಒಮ್ಮೆ ಮಾತ್ರ, ಅದೇ ದೇಶವು ಅದೇ ಕಳವಳಕ್ಕೆ ಬೇರೆ ತೆರನಾದ ಉತ್ತರವನ್ನೂ ಕೊಟ್ಟಿತು. ಆ ಎರಡು ಉತ್ತರಗಳನ್ನು ಎದುರುಬದುರಾಗಿಟ್ಟು ತೂಗಿನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಪೌರುಷವೆಂದರೇನು ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಹತ್ತನೆಯ ಶತಮಾನದ ಧನಂಜಯನು ತನ್ನ ದಶರೂಪಕದಲ್ಲಿ ನಾಯಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಅವರಲ್ಲಿ ಧೀರೋದಾತ್ತ, ಧೀರೋದ್ಧತ ಎಂಬ ಇಬ್ಬರು ಹೊರನೋಟಕ್ಕೆ ಹತ್ತಿರದವರು. ಇಬ್ಬರೂ ಬಲಶಾಲಿಗಳೇ, ಇಬ್ಬರೂ ಹಿಂಜರಿಯದವರೇ. ಆದರೆ ಉದಾತ್ತನು ಕ್ಷಮಾವಂತ, ಗಂಭೀರ, ಹಿಡಿದುದನ್ನು ಬಿಡದವನು, ಅಹಂಕಾರವನ್ನು ಒಳಗೇ ಅಡಗಿಸಿಕೊಂಡವನು. ಉದ್ಧತನು ದರ್ಪ, ಮಾತ್ಸರ್ಯ, ಕಪಟಗಳಿಂದ ಕೂಡಿದ ಚಂಚಲಚಿತ್ತನು. ಇವರಿಬ್ಬರನ್ನು ಥಟ್ಟನೆ ಬೇರ್ಪಡಿಸುವ ಲಕ್ಷಣವೊಂದುಂಟು. ಉದಾತ್ತನು ಅವಿಕತ್ಥನ, ಎಂದರೆ ತನ್ನನ್ನು ತಾನು ಹೊಗಳಿಕೊಳ್ಳದವನು, ಉದ್ಧತನು ವಿಕತ್ಥನ. ನಮ್ಮ ಹಳ್ಳಿಯ ಜನರು ಶಾಸ್ತ್ರವನ್ನೋದದೆಯೇ ಇದನ್ನರಿತು, ಉತ್ತರನ ಪೌರುಷ ಒಲೆಯ ಮುಂದೆ ಎಂದು ಗಾದೆ ಕಟ್ಟಿದರು. ಈ ಒರೆಗಲ್ಲನ್ನು ಕೈಯಲ್ಲಿಟ್ಟುಕೊಂಡು ಅಮೆರಿಕದ ಕಥೆಯನ್ನು ನೋಡೋಣ.

ವಿಕತ್ಥನವನ್ನು ಚುನಾವಣೆಯ ಸಾಧನವನ್ನಾಗಿ ಮಾಡಿಕೊಂಡ ಪ್ರಸಿದ್ಧ ಪ್ರಸಂಗವು ೧೮೪೦ನೆಯ ಇಸವಿಯದು. ೧೮೩೭ರಲ್ಲಿ ಆರಂಭವಾದ ಆರ್ಥಿಕ ಮುಗ್ಗಟ್ಟಿನಿಂದ ಜನರು ಬಸವಳಿದಿದ್ದರು. ಅಧ್ಯಕ್ಷ ಪದವಿಯಲ್ಲಿದ್ದವನು ಮಾರ್ಟಿನ್ ವ್ಯಾನ್ ಬ್ಯೂರನ್. ಅವನಿಗೆದುರಾಗಿ ವಿಗ್ ಪಕ್ಷದವರು ಹಳೆಯ ಸೇನಾನಿ ವಿಲಿಯಂ ಹೆನ್ರಿ ಹ್ಯಾರಿಸನ್ನನನ್ನು ನಿಲ್ಲಿಸಿದರು. ಹ್ಯಾರಿಸನ್ನನು ಮರದ ದಿಮ್ಮಿಗಳ ಗುಡಿಸಲಲ್ಲಿ ವಾಸಿಸುವ, ಸೇಬಿನ ಮದ್ಯ ಕುಡಿಯುವ ಒರಟು ಗಂಡುಗಲಿಯೆಂದು ಊರೂರಿನಲ್ಲಿ ಗುಡಿಸಲ ಮಾದರಿಗಳನ್ನು ಮೆರವಣಿಗೆ ಮಾಡಿದರು. ವ್ಯಾನ್ ಬ್ಯೂರನ್ನನು ಪನ್ನೀರು ಪೂಸಿಕೊಳ್ಳುವ ಸುಕುಮಾರನೆಂದು ಹಳಿದರು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಚಾರ್ಲ್ಸ್ ಓಗ್ಲ್ ಎಂಬ ಸದಸ್ಯನು ಪ್ರತಿನಿಧಿಸಭೆಯಲ್ಲಿ ಅಧ್ಯಕ್ಷಭವನದ ಪೀಠೋಪಕರಣಗಳನ್ನೂ ಪಾತ್ರೆಪಡಗಗಳನ್ನೂ ಎಣಿಸಿ ಎಣಿಸಿ ಹಾಸ್ಯಮಾಡಿದನು. ವಾಸ್ತವ ಸ್ಥಿತಿಯೋ ಇದಕ್ಕೆ ತೀರ ವಿಪರೀತ. ಸುಕುಮಾರನೆನಿಸಿಕೊಂಡ ವ್ಯಾನ್ ಬ್ಯೂರನ್ನನು ಕಿಂಡರ್‌ಹುಕ್ ಎಂಬ ಹಳ್ಳಿಯಲ್ಲಿ ಪಾನಗೃಹ ನಡೆಸುತ್ತಿದ್ದವನ ಮಗ. ಗುಡಿಸಲ ವೀರನೆನಿಸಿಕೊಂಡ ಹ್ಯಾರಿಸನ್ನನು ವರ್ಜೀನಿಯದ ಶ್ರೀಮಂತ ಜಮೀನ್ದಾರರ ಮನೆಯಲ್ಲಿ ಹುಟ್ಟಿದವನು. ಅವನ ತಂದೆ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದ ಮಹನೀಯರಲ್ಲೊಬ್ಬನು.

ಹ್ಯಾರಿಸನ್ನನು ಸುಲಭವಾಗಿ ಗೆದ್ದನು. ೧೮೪೧ನೆಯ ಮಾರ್ಚ್ ೪ರಂದು, ಅರುವತ್ತೆಂಟು ವರ್ಷದ ಆ ಮುದುಕನು, ಕೊರೆಯುವ ಚಳಿಯಲ್ಲಿ ನಿಲುವಂಗಿಯನ್ನು ತೊಡದೆ ನಿಂತು ಸುಮಾರು ಎರಡು ಗಂಟೆಗಳ ಕಾಲ ಭಾಷಣ ಮಾಡಿದನು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ ೪ರಂದು, ತೀರಿಕೊಂಡನು. ಅಂದಿನ ಚಳಿಯೇ ಅವನನ್ನು ಕೊಂದಿತೆಂದು ಜನರು ಬಹುಕಾಲ ನಂಬಿದ್ದರು. ಅಧ್ಯಕ್ಷಭವನದ ಕೆಟ್ಟ ನೀರೇ ಕಾರಣವಾಗಿರಬಹುದೆಂದು ಈಚಿನ ವೈದ್ಯರು ಊಹಿಸಿದ್ದಾರೆ. ಕಾರಣವೇನೇ ಇರಲಿ, ತನ್ನದಲ್ಲದ ವೇಷವನ್ನು ಕೊನೆಯ ತನಕ ನಿಭಾಯಿಸಬೇಕಾದ ಸಂಕಟವು ಆ ದಿನದ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮುಂದಿನ ಪ್ರಸಂಗವು ಹತ್ತೊಂಬತ್ತನೆಯ ಶತಮಾನದ ಕೊನೆಯದು. ೧೮೯೦ರ ಜನಗಣತಿಯು ಪಶ್ಚಿಮದ ಗಡಿಸೀಮೆ ಮುಗಿಯಿತೆಂದು ತಿಳಿಸಿತು. ಇನ್ನು ಮೇಲೆ ಕಾಡು ಕಡಿದು ಹೊಲಮಾಡಿ ತನ್ನ ಶಕ್ತಿಯನ್ನು ತೋರಿಸಲು ತರುಣನಿಗೆ ಬರಿದಾದ ನೆಲವಿಲ್ಲ. ಕಚೇರಿಯ ಮೇಜು, ಕಾರ್ಖಾನೆಯ ಯಂತ್ರ, ಯಜಮಾನನ ಗಡಿಯಾರ ಇವೇ ಅವನ ಪಾಲಿಗೆ ಬಂದುವು. ೧೮೯೩ರಲ್ಲಿ ಮತ್ತೆ ಆರ್ಥಿಕ ಕುಸಿತವುಂಟಾಯಿತು. ಹೆಂಗಸರು ಮತಾಧಿಕಾರವನ್ನು ಕೇಳತೊಡಗಿದ್ದರು. ನಾಗರಿಕತೆಯ ಮೆದುತನದಿಂದ ಗಂಡಸರು ಹೆಣ್ಣಿಗರಾಗುತ್ತಿದ್ದಾರೆಂಬ ಗೋಳು ಎಲ್ಲೆಡೆಯಲ್ಲಿಯೂ ಕೇಳಿಬಂದಿತು. ಈ ಗೋಳಿಗೆ ಸ್ವರವಾದವನು ಥಿಯೊಡೋರ್ ರೂಸ್‌ವೆಲ್ಟ್.

ರೂಸ್‌ವೆಲ್ಟನು ಬಾಲ್ಯದಲ್ಲಿ ಉಬ್ಬಸದಿಂದ ನರಳಿದವನು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ಶಾಸನಸಭೆಗೆ ಹೋದಾಗ ಅವನ ಕೀಚುದನಿಯನ್ನೂ ಉಡುಪಿನ ನಾಜೂಕನ್ನೂ ಸಹಸದಸ್ಯರು ಹೆಂಗಸರಿಗೆ ಹೋಲಿಸಿ ನಕ್ಕರು. ೧೮೮೪ನೆಯ ಫೆಬ್ರವರಿ ೧೪ರಂದು ಒಂದೇ ಮನೆಯಲ್ಲಿ ಒಂದೇ ದಿನ ಅವನ ತಾಯಿಯೂ ಹೆಂಡತಿಯೂ ತೀರಿಕೊಂಡರು. ಆ ದುಃಖದಲ್ಲಿ ಅವನು ಡಕೋಟಾ ಪ್ರಾಂತಕ್ಕೆ ಹೋಗಿ ದನಗಾಹಿಗಳ ನಡುವೆ ಬಾಳಿ ಮೈಯನ್ನು ಗಟ್ಟಿಮಾಡಿಕೊಂಡದ್ದು ನಿಜ. ಅವನ ಧೈರ್ಯವು ಸುಳ್ಳಲ್ಲ. ಆದರೆ ೧೮೮೫ರಲ್ಲಿ ಜಿಂಕೆಯ ತೊಗಲಿನ ಅಂಗಿ ತೊಟ್ಟು, ಕೋವಿ ಹಿಡಿದು, ಬೇಟೆಗಾರನ ಭಂಗಿಯಲ್ಲಿ ಅವನು ಪಟ ತೆಗೆಸಿಕೊಂಡದ್ದು ಡಕೋಟಾದ ಕಾಡಿನಲ್ಲಲ್ಲ, ನ್ಯೂಯಾರ್ಕ್ ನಗರದ ಛಾಯಾಚಿತ್ರಶಾಲೆಯೊಂದರಲ್ಲಿ. ಇಂದಿನ ವಿಡಿಯೋ ವೀರರ ವಂಶವೃಕ್ಷವನ್ನು ಬರೆಯುವವರು ಈ ಪಟವನ್ನು ಬೇರಿನ ಹತ್ತಿರ ಇಡಬೇಕು.

೧೮೯೯ನೆಯ ಏಪ್ರಿಲ್ ೧೦ರಂದು ಷಿಕಾಗೋ ನಗರದಲ್ಲಿ ರೂಸ್‌ವೆಲ್ಟನು ಶ್ರಮಮಯ ಜೀವನವನ್ನು ಕುರಿತು ತನ್ನ ಸುಪ್ರಸಿದ್ಧ ಉಪನ್ಯಾಸವನ್ನು ಕೊಟ್ಟನು. ಸುಖಾಪೇಕ್ಷೆಯು ಹೇಡಿತನ, ಕಷ್ಟವೇ ಪುರುಷಾರ್ಥ ಎಂಬ ತತ್ತ್ವವನ್ನು ಹೇಳಿ, ಅದೇ ಉಸಿರಿನಲ್ಲಿ ಫಿಲಿಪೈನ್ಸ್ ದ್ವೀಪಗಳನ್ನು ಅಮೆರಿಕವು ಕೈಬಿಡಕೂಡದೆಂದು ವಾದಿಸಿದನು. ಆ ಯುದ್ಧವು ೧೯೦೨ರವರೆಗೆ ನಡೆಯಿತು. ಹಿಂಸೆ, ಕ್ಷಾಮ, ರೋಗಗಳಿಂದ ಎರಡು ಲಕ್ಷದಷ್ಟು ಫಿಲಿಪೀನೋ ಪ್ರಜೆಗಳು ಸತ್ತರೆಂದು ಅಂದಾಜು. ಒಂದು ಜನಾಂಗದ ತರುಣರು ತಾವು ಗಂಡಸರೆಂದು ತಮಗೆ ತಾವೇ ನಿರೂಪಿಸಿಕೊಳ್ಳಹೊರಟರೆ ಅದರ ಬೆಲೆಯನ್ನು ತೆರುವವರು ಬೇರೆಯವರು ಎಂಬುದಕ್ಕೆ ಇದೊಂದು ನಿದರ್ಶನ.

ಆಗಲೇ ಇದನ್ನು ವಿರೋಧಿಸಿದವನೊಬ್ಬನಿದ್ದನು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ರೂಸ್‌ವೆಲ್ಟನಿಗೆ ಪಾಠ ಹೇಳಿದ ತತ್ತ್ವಜ್ಞಾನಿ ವಿಲಿಯಂ ಜೇಮ್ಸನು, ಆ ಉಪನ್ಯಾಸವಾದ ವಾರದೊಳಗೇ ಬಾಸ್ಟನ್ ನಗರದ ಪತ್ರಿಕೆಗೆ ಕಾಗದ ಬರೆದು, ತನ್ನ ಹಳೆಯ ಶಿಷ್ಯನ ಮನಸ್ಸು ಇನ್ನೂ ಹುಡುಗತನದ ಉದ್ವೇಗವನ್ನು ದಾಟಿಲ್ಲವೆಂದು ಖಂಡಿಸಿದನು. ಗುರುವಾದವನು ಶಿಷ್ಯನ ಕೀರ್ತಿಗೆ ಮರುಳಾಗದೆ ಹೀಗೆ ನುಡಿಯುವುದು ಅಪರೂಪ. ಜೇಮ್ಸನು ಖಂಡನೆಯಲ್ಲಿಯೇ ನಿಲ್ಲಲಿಲ್ಲ. ೧೯೧೦ರಲ್ಲಿ, ತಾನು ಸಾಯುವ ವರ್ಷ, ಯುದ್ಧಕ್ಕೆ ಬದಲಾಗಿ ನಿಲ್ಲಬಲ್ಲ ಧರ್ಮ್ಯವಾದ ಕಾರ್ಯವೇನೆಂದು ವಿಚಾರಿಸುವ ಪ್ರಬಂಧವೊಂದನ್ನು ಪ್ರಕಟಿಸಿದನು. ಧೈರ್ಯ, ಸಹನೆ, ಒಗ್ಗಟ್ಟು ಇವು ಬೇಕಾದ ಗುಣಗಳೇ. ತರುಣರು ಇವುಗಳಿಗಾಗಿ ಹಂಬಲಿಸುವುದು ತಪ್ಪಲ್ಲ. ಅವರನ್ನು ಮನುಷ್ಯರ ಮೇಲೆ ಛೂಬಿಡುವ ಬದಲು ಗಣಿಗಳಿಗೆ, ಮೀನುದೋಣಿಗಳಿಗೆ, ರಸ್ತೆಯ ಕೆಲಸಕ್ಕೆ, ಕಡೆಗೆ ಪಾತ್ರೆ ತೊಳೆಯುವುದಕ್ಕೂ ಕಳುಹಿಸಿರಿ. ಸಮಾಜದ ಭಾರವನ್ನು ಹೊತ್ತು ಅವರು ಗಂಡಸರಾಗಿ ಮರಳಲಿ, ಎಂಬುದು ಅವನ ಸೂಚನೆಯ ಸಾರಾಂಶ. ಅಂದು ಇದನ್ನು ಕೇಳಿದವರು ಕಡಮೆ.

ಕೇಳುವವರು ಇದ್ದುದು ಮತ್ತೊಂದು ಅಂಗಡಿಯ ಮುಂದೆ. ೧೮೯೯ರಲ್ಲಿಯೇ ಬರ್ನಾರ್ ಮ್ಯಾಕ್ಫಾಡನ್ ಎಂಬಾತನು ಅಂಗಸಾಧನೆಯ ಒಂದು ಮಾಸಪತ್ರಿಕೆಯನ್ನು ತೆಗೆದನು. ಮಿಸ್ಸೂರಿ ಸೀಮೆಯ ಬಡಕುಟುಂಬದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅನಾಥನಾಗಿ, ವ್ಯಾಯಾಮದಿಂದ ಮೈ ಬೆಳೆಸಿದವನು ಇವನು. ತನ್ನ ಹೆಸರಿನ ಅಕ್ಷರಗಳನ್ನು ಕೂಡ ಗಂಭೀರವಾಗಿ ಕೇಳುವಂತೆ ತಿದ್ದಿಕೊಂಡಿದ್ದನು. ದೌರ್ಬಲ್ಯವು ಅಪರಾಧವೆಂಬುದು ಅವನ ಪತ್ರಿಕೆಯ ಧ್ಯೇಯವಾಕ್ಯದ ತಾತ್ಪರ್ಯ. ಈ ಮಾತಿನ ಪರಿಣಾಮವನ್ನು ವಾಚಕರು ಗಮನಿಸಬೇಕು. ದುರ್ಬಲತೆಯು ರೋಗವಾದರೆ ಮರುಕ ಹುಟ್ಟುವುದು, ದಾರಿದ್ರ್ಯದ ಫಲವಾದರೆ ನ್ಯಾಯದ ಪ್ರಶ್ನೆ ಹುಟ್ಟುವುದು. ಅಪರಾಧವಾದರೆ ನಾಚಿಕೆಯೊಂದೇ ಉಳಿಯುವುದು. ನಾಚಿಕೆಪಟ್ಟವನು ಪ್ರಶ್ನೆ ಕೇಳುವುದಿಲ್ಲ, ಪುಸ್ತಕ ಕೊಳ್ಳುತ್ತಾನೆ. ಮ್ಯಾಕ್ಫಾಡನ್ನನು ಕೋಟ್ಯಧೀಶನಾದನು, ದೇವಿ ಹಾಕಿಸುವುದನ್ನು ವಿರೋಧಿಸಿದನು, ಇಟಲಿಯ ಮುಸ್ಸೋಲಿನಿಯನ್ನು ಮೆಚ್ಚಿ, ಆ ದೇಶದ ತರುಣ ಕೆಡೆಟ್‌ಗಳನ್ನು ಕರೆಸಿ ತರಬೇತು ಕೊಟ್ಟನು, ೧೯೩೬ರಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷ ಅಭ್ಯರ್ಥಿಯಾಗಬೇಕೆಂದು ಆಸೆಪಟ್ಟು ಸೋತನು.

ಅವನು ಏರ್ಪಡಿಸಿದ ಸ್ಪರ್ಧೆಗಳಲ್ಲಿ ಗೆದ್ದು ಹೆಸರಾದವನು ಚಾರ್ಲ್ಸ್ ಅಟ್ಲಾಸ್. ಇವನ ಹುಟ್ಟುಹೆಸರು ಆಂಜೆಲೊ ಸಿಸಿಲಿಯಾನೊ. ಇಟಲಿಯಿಂದ ಬಾಲ್ಯದಲ್ಲಿ ಬ್ರೂಕ್ಲಿನ್ನಿಗೆ ಬಂದವನು. ಅಂಚೆಯ ಮೂಲಕ ಇವನು ಮಾರಿದ ವ್ಯಾಯಾಮಪಾಠಗಳ ಜಾಹೀರಾತು ಅಲ್ಲಿಯ ಹುಡುಗರ ಪತ್ರಿಕೆಗಳಲ್ಲೆಲ್ಲ ಅಚ್ಚಾಗುತ್ತಿದ್ದಿತು. ಕಡಲತೀರದಲ್ಲಿ ಬಡಕಲ ಹುಡುಗನೊಬ್ಬನ ಮುಖಕ್ಕೆ ದಾಂಡಿಗನು ಮರಳು ಚಿಮ್ಮುತ್ತಾನೆ. ಜೊತೆಯ ಹುಡುಗಿಯ ಕಣ್ಣಿನಲ್ಲಿ ಅವನು ಕಿರಿದಾಗುತ್ತಾನೆ. ಪುಸ್ತಕ ತರಿಸಿ ಮೈ ಬೆಳೆಸಿ ಬಂದು ದಾಂಡಿಗನನ್ನು ಹೊಡೆಯುತ್ತಾನೆ. ಮೊದಲು ಅವಮಾನ, ಆಮೇಲೆ ಔಷಧ, ಕೊನೆಗೆ ಸೇಡು: ಈ ಮೂರಂಕದ ನಾಟಕವು ಇಂದಿಗೂ ಬದಲಾಗಿಲ್ಲ.

ಇಲ್ಲಿ ನ್ಯಾಯಕ್ಕಾಗಿ ಒಂದು ಮಾತು. ಅಂಗಸಾಧನೆಯಾಗಲಿ, ಅದನ್ನು ಅಂಚೆಯಲ್ಲಿ ಕಲಿಸುವುದಾಗಲಿ ದೋಷವಲ್ಲ. ನಮ್ಮ ಬೆಂಗಳೂರಿನ ಕೆ. ವಿ. ಅಯ್ಯರ್ ಅವರೂ ಪಾಶ್ಚಾತ್ಯ ವ್ಯಾಯಾಮಪದ್ಧತಿಗಳನ್ನು ಅಭ್ಯಾಸ ಮಾಡಿ, ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ಸ್ಥಾಪಿಸಿ, ಅಂಚೆಯ ಮೂಲಕ ಪಾಠಗಳನ್ನು ಕಳುಹಿಸಿದವರೇ. ಆದರೆ ಅವರು ಸೂರ್ಯನಮಸ್ಕಾರವನ್ನು ಕುರಿತೂ ಬರೆದರು, ಕೈಲಾಸಂ ಅವರ ಸ್ನೇಹದಲ್ಲಿ ಬೆಳೆದರು, ನಾಟ್ಯರಾಣಿಯನ್ನು ನಾಯಿಕೆಯನ್ನಾಗಿ ಮಾಡಿ ಶಾಂತಲಾ ಎಂಬ ಕಾದಂಬರಿಯನ್ನು ರಚಿಸಿದರು. ತೋಳಿನ ಬಲವು ಹೃದಯದ ಕೋಮಲತೆಗೆ ಶತ್ರುವಲ್ಲವೆಂಬುದಕ್ಕೆ ಅವರ ಜೀವನವೇ ಪ್ರಮಾಣ. ಬಲವನ್ನು ಕಲಿಸುವವನಿಗೂ ನಾಚಿಕೆಯನ್ನು ಕಲಿಸಿ ಬಲವನ್ನು ಮಾರುವವನಿಗೂ ಇರುವ ಅಂತರವು ಇದು.

೧೯೨೯ರಲ್ಲಿ ಪ್ರಾರಂಭವಾದ ಮಹಾಮುಗ್ಗಟ್ಟು ಅಮೆರಿಕವನ್ನು ಬೇರುಸಹಿತ ಅಲ್ಲಾಡಿಸಿತು. ೧೯೩೩ರ ಹೊತ್ತಿಗೆ ದುಡಿಯುವವರಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟು ಜನರಿಗೆ ಕೆಲಸವಿರಲಿಲ್ಲ. ಗಳಿಸಿ ತರುವವನೇ ಗಂಡಸೆಂದು ನಂಬಿ ಬೆಳೆದವರು ಬರಿಗೈಯಲ್ಲಿ ಮನೆಗೆ ಬಂದು ಹೆಂಡತಿ ಮಕ್ಕಳ ಮುಖ ನೋಡಲಾರದೆ ಹೋದರು. ನಾನು ಮೊದಲು ಹೇಳಿದ ಎರಡು ಉತ್ತರಗಳು ಹುಟ್ಟಿದುದು ಈ ಸಂಕಟದಲ್ಲಿಯೇ.

ಒಂದನ್ನು ಕೊಟ್ಟವನು ಚಾರ್ಲ್ಸ್ ಕಾಫ್ಲಿನ್ ಎಂಬ ಪಾದ್ರಿ. ಮಿಷಿಗನ್ ಸಂಸ್ಥಾನದ ರಾಯಲ್ ಓಕ್ ಎಂಬ ಊರಿನಿಂದ ೧೯೨೬ರಲ್ಲಿ ರೇಡಿಯೋ ಪ್ರಸಂಗಗಳನ್ನು ಆರಂಭಿಸಿದ ಇವನ ಕಂಠಶ್ರೀಗೆ ಮರುಳಾಗಿ ಕಿವಿಗೊಡುತ್ತಿದ್ದವರು ಉಚ್ಛ್ರಾಯದ ದಿನಗಳಲ್ಲಿ ಮೂರು ಕೋಟಿಯಷ್ಟಿದ್ದರೆಂದು ಅಂದಾಜು ಮಾಡುತ್ತಾರೆ. ಮೊದಲು ಬಡವರ ಪರವಾಗಿ ಬ್ಯಾಂಕುಗಳನ್ನು ಟೀಕಿಸಿದನು. ಬರಬರುತ್ತ ಎಲ್ಲ ಕೇಡಿಗೂ ಯೆಹೂದ್ಯರೇ ಮೂಲವೆಂದು ಬೋಧಿಸತೊಡಗಿದನು. ೧೯೩೬ರಲ್ಲಿ ಅವನು ನಿಲ್ಲಿಸಿದ ಅಧ್ಯಕ್ಷ ಅಭ್ಯರ್ಥಿ ಲೆಮ್ಕೆಗೆ ನೂರಕ್ಕೆ ಎರಡು ಮತಗಳೂ ಬೀಳಲಿಲ್ಲ. ಆದರೂ ವಿಷವು ನಿಲ್ಲಲಿಲ್ಲ. ೧೯೩೮ರಲ್ಲಿ ಯೆಹೂದ್ಯರ ಮೇಲಿನ ಕುಖ್ಯಾತ ಕೂಟಲೇಖವನ್ನು ಅವನ ಪತ್ರಿಕೆಯು ಧಾರಾವಾಹಿಯಾಗಿ ಅಚ್ಚುಹಾಕಿತು; ಅವನ ಮಾತಿನಿಂದ ಕೆರಳಿದ ತರುಣರು ಕ್ರಿಶ್ಚಿಯನ್ ಫ್ರಂಟ್ ಎಂಬ ಗುಂಪುಕಟ್ಟಿ ನ್ಯೂಯಾರ್ಕ್, ಬಾಸ್ಟನ್ ನಗರಗಳ ಬೀದಿಗಳಲ್ಲಿ ಯೆಹೂದ್ಯರನ್ನು ಹೊಡೆದರು. ಕೆಲಸವಿಲ್ಲದ ಹುಡುಗನಿಗೆ ಕಾಫ್ಲಿನ್ನನು ಕೊಟ್ಟದ್ದು ಒಬ್ಬ ಶತ್ರುವನ್ನು ಮಾತ್ರ.

ಎರಡನೆಯ ಉತ್ತರವನ್ನು ಕೊಟ್ಟವನು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್, ಥಿಯೊಡೋರನ ದೂರದ ದಾಯಾದಿ. ೧೯೩೩ನೆಯ ಮಾರ್ಚ್ ಕೊನೆಯಲ್ಲಿ ಅವನು ಸಿವಿಲಿಯನ್ ಕನ್ಸರ್ವೇಷನ್ ಕೋರ್ ಎಂಬ ಕಾರ್ಯದಳವನ್ನು ಸ್ಥಾಪಿಸಿದನು. ಬಡಕುಟುಂಬಗಳ ಅವಿವಾಹಿತ ಹುಡುಗರನ್ನು ಆರಿಸಿ ಕಾಡುಗಳಿಗೂ ಬರಡುಭೂಮಿಗಳಿಗೂ ಕಳುಹಿಸಿ, ಗಿಡ ನೆಡಿಸುವುದು, ಕಟ್ಟೆ ಕಟ್ಟಿಸುವುದು, ಕಾಡುಕಿಚ್ಚನ್ನು ಆರಿಸುವುದು ಮೊದಲಾದ ಕೆಲಸಗಳನ್ನು ಮಾಡಿಸಿದರು. ತಿಂಗಳ ಸಂಬಳ ೩೦ ಡಾಲರು. ಅದರಲ್ಲಿ ಸುಮಾರು ೨೫ ಡಾಲರು ನೇರವಾಗಿ ತಂದೆತಾಯಿಗಳ ಕೈಸೇರುತ್ತಿದ್ದಿತು. ೧೯೪೨ರಲ್ಲಿ ಯೋಜನೆಯು ಮುಗಿಯುವವರೆಗೆ ಸುಮಾರು ಮೂವತ್ತು ಲಕ್ಷ ತರುಣರು ಅದರಲ್ಲಿ ದುಡಿದರು. ಮುನ್ನೂರು ಕೋಟಿಯಷ್ಟು ಗಿಡಗಳನ್ನು ನೆಟ್ಟರು. ಅಕ್ಷರ ಬಾರದೆ ಬಂದ ಸಾವಿರಾರು ಜನ ಓದುಬರಹ ಕಲಿತರು. ವಿಲಿಯಂ ಜೇಮ್ಸನು ಕಂಡ ಕನಸು ಹೀಗೆ ಬಹುಮಟ್ಟಿಗೆ ನಿಜವಾಯಿತು.

ಈ ಯೋಜನೆಯಲ್ಲಿ ದೋಷಗಳಿದ್ದುವು. ಕರಿಯ ತರುಣರನ್ನು ಬೇರೆ ಶಿಬಿರಗಳಲ್ಲಿಟ್ಟರು; ಹುಡುಗಿಯರಿಗೆ ಇದರಲ್ಲಿ ಪ್ರವೇಶವಿರಲಿಲ್ಲ. ಆದರೂ ಇದರ ಮರ್ಮವನ್ನು ಗ್ರಹಿಸಬೇಕು. ನೀನು ದುರ್ಬಲನೆಂದು ಈ ಯೋಜನೆಯು ಹುಡುಗನನ್ನು ಹಂಗಿಸಲಿಲ್ಲ. ನಿನ್ನಿಂದ ಕೆಲಸವುಂಟೆಂದು ಕರೆಯಿತು. ಅವನ ಪೌರುಷವನ್ನು ಕನ್ನಡಿಯ ಮುಂದೆ ನಿಲ್ಲಿಸದೆ, ಅವನು ಕಳುಹಿಸಿದ ಹಣದಿಂದ ತಾಯಿ ಹಚ್ಚಿದ ಒಲೆಯಲ್ಲಿ ತೋರಿಸಿಕೊಟ್ಟಿತು. ಇನ್ನೊಂದು ಸಂಗತಿ. ಇದನ್ನು ಕೈಗೊಂಡ ಫ್ರಾಂಕ್ಲಿನ್ ರೂಸ್‌ವೆಲ್ಟನು ೧೯೨೧ರಲ್ಲಿ, ಪೋಲಿಯೋ ಎಂದು ವೈದ್ಯರು ನಿರ್ಣಯಿಸಿದ ವ್ಯಾಧಿಯಿಂದ, ಕಾಲುಗಳ ಶಕ್ತಿಯನ್ನು ಕಳೆದುಕೊಂಡಿದ್ದನು. ಉಕ್ಕಿನ ಪಟ್ಟಿಗಳ ಆಧಾರವಿಲ್ಲದೆ ಎದ್ದುನಿಲ್ಲಲಾರನು. ಮ್ಯಾಕ್ಫಾಡನ್ನನ ಧ್ಯೇಯವಾಕ್ಯದಂತೆ ಅವನು ಅಪರಾಧಿ. ವಿರಾಟಪರ್ವವನ್ನು ಕೇಳಿದ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಅಂತಃಪುರದಲ್ಲಿ ಮೀಸೆ ತಿರುವಿದವನು ರಥದಿಂದ ಹಾರಿ ಓಡಿದನು, ಅವನನ್ನು ಹಿಡಿದು ತಂದು ಗೋವುಗಳನ್ನು ಬಿಡಿಸಿದವನು ಹೆಣ್ಣುಡುಗೆಯ ಬೃಹನ್ನಳೆ.

ಕಾಫ್ಲಿನ್ನನ ಬಾಯಿಯೂ ೧೯೪೨ರಲ್ಲಿಯೇ ಮುಚ್ಚಿತು. ಸರಕಾರವು ಅವನ ಪತ್ರಿಕೆಗೆ ಅಂಚೆಯ ಸೌಕರ್ಯವನ್ನು ನಿಲ್ಲಿಸಿತು, ಬಿಷಪ್ಪನು ರಾಜಕೀಯವನ್ನು ಬಿಡೆಂದು ಆಜ್ಞಾಪಿಸಿದನು. ೧೯೪೯ರಲ್ಲಿ, ವಿವಾದದ ವಿಷಯಗಳಲ್ಲಿ ಎರಡು ಪಕ್ಷಗಳ ಅಭಿಪ್ರಾಯಕ್ಕೂ ಅವಕಾಶ ಕೊಡಬೇಕೆಂಬ ನಿಯಮವನ್ನು ರೇಡಿಯೋ ಕೇಂದ್ರಗಳ ಮೇಲೆ ವಿಧಿಸಿದರು. ೧೯೮೭ರಲ್ಲಿ ಆ ನಿಯಮವು ರದ್ದಾಯಿತು. ಮರುವರ್ಷದ ಆಗಸ್ಟಿನಲ್ಲಿ ರಷ್ ಲಿಂಬಾ ಎಂಬಾತನ ರಾಷ್ಟ್ರವ್ಯಾಪಿ ಕಾರ್ಯಕ್ರಮವು ಹುಟ್ಟಿತು. ಸ್ತ್ರೀಸ್ವಾತಂತ್ರ್ಯವಾದಿಗಳನ್ನು ನಾಜಿಗಳಿಗೆ ಹೋಲಿಸುವ ಪದವೊಂದನ್ನು ಇವನು ಮನೆಮಾತು ಮಾಡಿದನು. ೧೯೯೪ರ ಚುನಾವಣೆಯಲ್ಲಿ ಗೆದ್ದುಬಂದ ರಿಪಬ್ಲಿಕನ್ ಹೊಸ ಸದಸ್ಯರು ಇವನನ್ನು ತಮ್ಮ ತಂಡದ ಗೌರವಸದಸ್ಯನನ್ನಾಗಿ ಮಾಡಿಕೊಂಡರು. ಹಾಸ್ಯಗಾರನು ಆಚಾರ್ಯನಾಗುವ ಕಾಲವು ಬಂದಿತ್ತು.

ಆಮೇಲಿನದು ನಮ್ಮ ಕಣ್ಣೆದುರಿನ ಚರಿತ್ರೆ. ೨೦೦೫ರಲ್ಲಿ ಯೂಟ್ಯೂಬ್ ಬಂದಿತು. ಸ್ವಲ್ಪ ಕಾಲದಲ್ಲಿಯೇ ಜಾಹೀರಾತಿನ ಆದಾಯದಲ್ಲಿ ವಿಡಿಯೋ ಮಾಡುವವರಿಗೂ ಪಾಲು ಕೊಡತೊಡಗಿದರು. ನೋಡುವವನ ಕಣ್ಣು ಎಷ್ಟು ಹೊತ್ತು ನೆಟ್ಟಿರುವುದೋ ಅಷ್ಟು ಹಣ. ಸಮಾಧಾನದ ಮಾತಿಗೆ ಕಣ್ಣು ನಿಲ್ಲುವುದಿಲ್ಲ. ಕೋಪಕ್ಕೆ, ಅವಮಾನದ ನೆನಪಿಗೆ ನಿಲ್ಲುತ್ತದೆ. ಆಂಡ್ರ್ಯೂ ಟೇಟ್ ಎಂಬ ಮಾಜಿ ಕಿಕ್‌ಬಾಕ್ಸಿಂಗ್ ಪಟುವಿನ ವ್ಯವಹಾರವು ಇದಕ್ಕೆ ಮಾದರಿ. ಹಣ ಮತ್ತು ಪೌರುಷ ಗಳಿಸುವ ವಿದ್ಯೆಯೆಂದು ಹೇಳಿ ತಿಂಗಳಿಗೆ ೫೦ ಡಾಲರಿನಷ್ಟು ಶುಲ್ಕದ ಅಂತರ್ಜಾಲಶಾಲೆಯನ್ನು ನಡೆಸಿದರು. ಅವರ ಮಾತುಗಳ ತುಣುಕುಗಳನ್ನು ಹಂಚಿ ಹೊಸಬರನ್ನು ಕರೆತಂದ ಶಿಷ್ಯರಿಗೆ ದಳ್ಳಾಳಿ ಹಣ ದೊರೆಯುತ್ತಿದ್ದಿತು. ಎಂದರೆ, ಶಿಷ್ಯರೇ ಸರಕು, ಶಿಷ್ಯರೇ ಮಾರುವವರು. ೨೦೨೨ನೆಯ ಆಗಸ್ಟಿನಲ್ಲಿ ದೊಡ್ಡ ಜಾಲತಾಣಗಳು ಅವರನ್ನು ಹೊರಹಾಕಿದುವು. ಡಿಸೆಂಬರಿನಲ್ಲಿ ರುಮೇನಿಯದ ಪೊಲೀಸರು ಮಾನವಸಾಗಾಟದ ಆರೋಪದ ಮೇಲೆ ಬಂಧಿಸಿದರು. ಆರೋಪವನ್ನು ಅವರು ನಿರಾಕರಿಸಿದ್ದಾರೆ. ನಿರ್ಣಯವು ನ್ಯಾಯಾಲಯಕ್ಕೆ ಸೇರಿದುದು.

ಅಲೆಕ್ಸ್ ಜೋ‌ನ್ಸ್ ಎಂಬ ಬಲಪಂಥೀಯ ಪ್ರಸಾರಕರು ಪುರುಷಶಕ್ತಿವರ್ಧಕ ಔಷಧಗಳನ್ನು ಮಾರುತ್ತ, ಜೊತೆಯಲ್ಲಿಯೇ ೨೦೧೨ರಲ್ಲಿ ನ್ಯೂಟೌನ್ ಊರಿನ ಶಾಲೆಯಲ್ಲಿ ಇಪ್ಪತ್ತು ಮಕ್ಕಳೂ ಆರು ಮಂದಿ ಹಿರಿಯರೂ ಗುಂಡಿಗೆ ಬಲಿಯಾದ ಘಟನೆಯೇ ಸುಳ್ಳೆಂದು ಸಾರಿದರು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳನ್ನು ಕೇಳುಗರು ನಟರೆಂದು ಹಿಂಸಿಸಿದರು. ೨೦೨೨ರಲ್ಲಿ ಕನೆಕ್ಟಿಕಟ್ ನ್ಯಾಯಾಲಯವು ನೂರು ಕೋಟಿ ಡಾಲರಿಗೆ ಮೀರಿದ ಪರಿಹಾರವನ್ನು ವಿಧಿಸಿತು. ಮಗುವನ್ನು ಮಣ್ಣುಮಾಡಿ ಬಂದವನ ಬಾಗಿಲಲ್ಲಿ ನಿಂತು ಬೈಯುವುದನ್ನು ಪೌರುಷವೆನ್ನಬಹುದಾದರೆ ಆ ಶಬ್ದವನ್ನು ಕೋಶದಿಂದ ತೆಗೆದುಹಾಕುವುದೇ ಲೇಸು.

ರಾಜಕಾರಣಿಗಳಲ್ಲಿಯೂ ಇದರ ಛಾಯೆಯುಂಟು. ೨೦೨೧ನೆಯ ಜನವರಿ ೬ರಂದು ವಾಷಿಂಗ್ಟನ್ನಿನ ಶಾಸನಭವನದ ಹೊರಗೆ ನೆರೆದ ಗುಂಪಿನತ್ತ ಸೆನೆಟರ್ ಜಾಷ್ ಹಾಲಿ ಅವರು ಮುಷ್ಟಿಯೆತ್ತಿ ತೋರಿಸಿದರು. ಅದೇ ಮಧ್ಯಾಹ್ನ ಗುಂಪು ಒಳನುಗ್ಗಿದಾಗ ಅವರು ಓಡುತ್ತಿದ್ದ ದೃಶ್ಯವನ್ನು ಮರುವರ್ಷ ವಿಚಾರಣಾ ಸಮಿತಿಯು ಪ್ರದರ್ಶಿಸಿತು. ೨೦೨೩ರಲ್ಲಿ ಅವರು ಗಂಡಸುತನವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಜೀವಭಯದಿಂದ ಓಡುವುದು ದೋಷವಲ್ಲ, ನಾವಾದರೂ ಓಡುತ್ತಿದ್ದೆವು. ತಾನು ಹುರಿದುಂಬಿಸಿದ ಗುಂಪಿನಿಂದಲೇ ಓಡಿದವನು ಧೈರ್ಯದ ಪಾಠ ಹೇಳಹೊರಟರೆ ಮಾತ್ರ ಉತ್ತರಕುಮಾರನ ನೆನಪು ಬಾರದಿರದು.

ಆದರೆ ನಗುವುದರಿಂದ ವಿಚಾರವು ಮುಗಿಯದು. ಕೇಳುವ ಹುಡುಗರ ನೋವು ನಟನೆಯಲ್ಲ. ೧೯೭೯ರಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಒಂದು ಕೋಟಿ ತೊಂಬತ್ತೈದು ಲಕ್ಷ ಜನರಿಗೆ ಕೆಲಸವಿದ್ದಿತು. ಈಗ ಅದು ಒಂದು ಕೋಟಿ ಮೂವತ್ತು ಲಕ್ಷಕ್ಕೂ ಕೆಳಗೆ ಇಳಿದಿದೆ. ೧೯೮೦ರ ದಶಕದಿಂದೀಚೆಗೆ ಪದವಿ ಪಡೆಯುವವರಲ್ಲಿ ಹುಡುಗಿಯರೇ ಹೆಚ್ಚು. ಆತ್ಮಹತ್ಯೆ ಮಾಡಿಕೊಳ್ಳುವ ಗಂಡಸರ ಪ್ರಮಾಣವು ಹೆಂಗಸರದಕ್ಕಿಂತ ಸುಮಾರು ನಾಲ್ಕು ಪಟ್ಟು. ಈ ಹುಡುಗರ ದುಃಖವನ್ನು ಕೇಳಬೇಕಾಗಿದ್ದ ಉದಾರವಾದಿಗಳು ಅನೇಕ ವೇಳೆ ಗಂಡಸುತನವನ್ನೇ ಒಂದು ರೋಗವೆಂಬಂತೆ ಮಾತನಾಡಿ, ಗುರುಪೀಠವನ್ನು ಬರಿದು ಬಿಟ್ಟರು. ಬರಿದಾದ ಪೀಠದಲ್ಲಿ ಯಾರಾದರೂ ಕುಳಿತೇ ಕುಳಿತುಕೊಳ್ಳುವರು. ೨೦೨೪ರ ಅಕ್ಟೋಬರಿನಲ್ಲಿ ಜೋ ರೋಗನ್ ಅವರ ಪಾಡ್‌ಕಾಸ್ಟಿನಲ್ಲಿ ಟ್ರಂಪ್ ಅವರು ಮೂರು ಗಂಟೆಗಳಷ್ಟು ಹೊತ್ತು ಹರಟಿದರು. ಆ ಚುನಾವಣೆಯಲ್ಲಿ ಮೂವತ್ತರೊಳಗಿನ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅವರಿಗೆ ಮತ ಕೊಟ್ಟರೆಂದು ಮತದಾರರ ಸಮೀಕ್ಷೆಯು ತಿಳಿಸಿತು. ಅವರೆಲ್ಲರೂ ದ್ವೇಷಿಗಳೆಂದು ಹೇಳುವುದು ಅನ್ಯಾಯ. ಬಲಪಂಥದವರನ್ನು ಎದುರಿಸುವ ಮಾರ್ಗ ಹಿಂಸೆಯಂತೂ ಅಲ್ಲ. ೨೦೨೫ನೆಯ ಸೆಪ್ಟೆಂಬರ್ ೧೦ರಂದು ಯೂಟಾ ಸಂಸ್ಥಾನದ ವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳೊಡನೆ ಪ್ರಶ್ನೋತ್ತರ ನಡೆಸುತ್ತಿದ್ದ ತರುಣ ಸಂಘಟಕ ಚಾರ್ಲಿ ಕರ್ಕ್ ಅವರು ಗುಂಡಿಗೆ ಬಲಿಯಾದುದು ಎಲ್ಲರೂ ನಾಚಬೇಕಾದ ಸಂಗತಿ. ಮಾತಿಗೆ ಮಾತೇ ಉತ್ತರ.

ಹಾಗಾದರೆ ಈ ವಿಕ್ರಯದ ಮೇಲೆ ನಮ್ಮ ಆಕ್ಷೇಪವೇನು? ಕಾರ್ಖಾನೆ ಮುಚ್ಚಿದವನು ಯಾರೆಂದು ಅದು ಹುಡುಗನಿಗೆ ಹೇಳುವುದಿಲ್ಲ. ಪಕ್ಕದ ಬೆಂಚಿನಲ್ಲಿ ಕುಳಿತು ಓದಿ ಮುಂದೆ ಬಂದ ಹುಡುಗಿಯನ್ನೂ, ಹೊರನಾಡಿನಿಂದ ಬಂದ ಕೂಲಿಯವನನ್ನೂ ಬೆರಳುಮಾಡಿ ತೋರಿಸುತ್ತದೆ. ಬಲಪಂಥದ ರಾಜಕಾರಣಕ್ಕೆ ಇದರಿಂದ ಅನುಕೂಲವಾಯಿತು, ಏಕೆಂದರೆ ಹಳೆಯ ಯಜಮಾನಿಕೆಯನ್ನು ಮರಳಿ ಕೊಡುವೆವೆಂಬ ಮಾತಿಗೆ ಉದ್ಯೋಗ ಕೊಡುವಷ್ಟು ಖರ್ಚಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಈ ಅಂಗಡಿಯವನಿಗೆ ಗಿರಾಕಿಯ ರೋಗವು ವಾಸಿಯಾಗಕೂಡದು. ಹುಡುಗನಿಗೆ ಒಳ್ಳೆಯ ಕೆಲಸ, ಒಳ್ಳೆಯ ಗೆಳೆಯರು, ತನ್ನನ್ನು ಸಮಾನನಾಗಿ ಕಾಣುವ ಸಂಗಾತಿ ದೊರೆತರೆ ಅವನು ಫೋನನ್ನು ಕೆಳಗಿಟ್ಟು ಎದ್ದು ಹೋಗುತ್ತಾನೆ.

ಈ ವಿಷಯವು ನಮಗೆ ದೂರದ್ದಲ್ಲ. ಕಡಲಾಚೆ ನೆಲಸಿದ ಕನ್ನಡ ಮನೆತನಗಳ ಹುಡುಗರು ಆ ಶಾಲೆಗಳಲ್ಲಿಯೇ ಓದುತ್ತಾರೆ. ಇಲ್ಲಿಯ ಹುಡುಗರ ಕೈಯಲ್ಲಿಯೂ ಅದೇ ಫೋನಿದೆ, ಅದರಲ್ಲಿ ಅದೇ ವಿಡಿಯೋಗಳು ತಾವಾಗಿಯೇ ಬರುತ್ತವೆ. ಮನೆಯ ಹಿರಿಯರು ಫೋನನ್ನು ಕಿತ್ತುಕೊಂಡರೆ ಪ್ರಯೋಜನ ಸ್ವಲ್ಪವೇ. ಆ ಹುಡುಗನು ನಿಜವಾಗಿ ಹೊರಬಲ್ಲ ಭಾರವೊಂದನ್ನು ಅವನ ಹೆಗಲಿಗೆ ಕೊಟ್ಟು, ಹೊತ್ತುದನ್ನು ಕಂಡು ಒಂದು ಮಾತು ಒಳ್ಳೆಯದನ್ನಾಡಬೇಕು. ಅಮೆರಿಕದ ಮೂವತ್ತು ಲಕ್ಷ ಬಡಹುಡುಗರಿಗೆ ಒಂಬತ್ತು ವರ್ಷಗಳ ಕಾಲ ದೊರೆತದ್ದು ಇಷ್ಟೇ. ಅವರು ಯಾರ ಮುಖಕ್ಕೂ ಮರಳು ಚಿಮ್ಮಲಿಲ್ಲ, ತಮ್ಮ ಗಂಡಸುತನವನ್ನು ಕುರಿತು ಉಪನ್ಯಾಸ ಮಾಡಲಿಲ್ಲ. ಗಿಡ ನೆಟ್ಟು, ಮನೆಗೆ ಹಣ ಕಳುಹಿಸಿ, ಕೆಲಸ ಮುಗಿದ ಮೇಲೆ ಊರಿಗೆ ಮರಳಿದರು. ಧನಂಜಯನು ಕಂಡಿದ್ದರೆ ಅವರನ್ನು ಅವಿಕತ್ಥನರ ಸಾಲಿನಲ್ಲಿ ಸೇರಿಸಲು ಅನುಮಾನಿಸುತ್ತಿರಲಿಲ್ಲ.